ಸಹಿ ಮಗನದು, ಕಾಲು ಮುತ್ಯಾನದು

(ಕಲಬುರಗಿಯಲ್ಲಿ ಆಶಾ ಕಾರ್ಯಕರ್ತೆಯರು, ಸಮುದಾಯ ಆರೋಗ್ಯ ಅಧಿಕಾರಿಗಳು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ನನಗೆ ಕೊಟ್ಟ ವಿಷಯ ‘ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ಯೋಜನೆಯಲ್ಲಿ ವ್ಯಕ್ತಿ-ಕೇಂದ್ರಿತ ವಿಧಾನ’. ಬ್ಯಾನರ್ ಮೇಲೆ ಎರಡು ಸಾಲು ಹಿಡಿದಿದೆ. ಊಟದ ಹೊತ್ತಿಗೆ ಸರಿಯಾಗಿ ಇಂಥ ಹೆಸರಿನ ಭಾಷಣ ಇಟ್ಟಿದ್ದಾರೆ, ನಿಮ್ಮ ತಾಳ್ಮೆಗೆ ಮೊದಲೇ ಕೈಮುಗಿಯುತ್ತೇನೆ. ನಾನು ಫಿಜಿಯೋಥೆರಪಿಸ್ಟ್. ಲಕ್ವಾ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು, ಹುಟ್ಟಿನಿಂದ ಕೈಕಾಲು ಸ್ವಾಧೀನವಿಲ್ಲದ ಮಕ್ಕಳು, ಇವರ ಮನೆಗಳಿಗೆ ಹೋಗುವುದು ನನ್ನ ಕೆಲಸ. ಹಾಗಾಗಿ ಸಿದ್ಧಾಂತ ಬೇಗ ಮುಗಿಸಿ ಮನೆಗಳಿಗೆ ಬರುತ್ತೇನೆ.

ನಮ್ಮ ಕಡೆಯ ಯಾವುದೇ ದವಾಖಾನೆಯ ಓಪಿಡಿಯಲ್ಲಿ ಅರ್ಧ ತಾಸು ನಿಂತು ನೋಡಿರಿ. ಡಾಕ್ಟರು ಅಜ್ಜನನ್ನು ‘ಏನಾಗ್ಯದ ಮುತ್ಯಾ?’ ಅಂತ ಕೇಳುತ್ತಾರೆ. ಮುತ್ಯಾ ಬಾಯಿ ತೆಗೆಯುವಷ್ಟರಲ್ಲಿ ಮಗ ಹೇಳಿ ಮುಗಿಸಿರುತ್ತಾನೆ. ಮಗ ತಡವರಿಸಿದರೆ ಸೊಸೆ ಹೇಳುತ್ತಾಳೆ. ಅವಳೂ ಬಂದಿರದಿದ್ದರೆ ಜೊತೆಗೆ ಬಂದ ಊರಿನ ಲೀಡರ್ ಹೇಳುತ್ತಾನೆ. ಮುತ್ಯಾ ನಡುವೆ ಏನಾದರೂ ಅಂದರೆ, ‘ಅವರಿಗೇನ್ ತಿಳೀತದ್ರಿ ಸರ, ನನಗ ಹೇಳ್ರಿ.’ ಡಾಕ್ಟರೂ ಮಗನ ಮುಖ ನೋಡಿಯೇ ಚೀಟಿ ಬರೆಯುತ್ತಾರೆ. ಗುಳಿಗಿ ನುಂಗಬೇಕಾದವನು, ಕಸರತ್ತು ಮಾಡಬೇಕಾದವನು, ಉಪ್ಪು ಬಿಡಬೇಕಾದವನು ಮಾತ್ರ ಆ ಮಾತುಕತೆಯ ಹೊರಗೆ ಕೂತಿರುತ್ತಾನೆ.

ಇಲ್ಲಿ ಯಾರೂ ಕೆಟ್ಟವರಲ್ಲ. ಮಗ ಪುಣೆಯ ಕೆಲಸ ಬಿಟ್ಟು, ದಿನಗೂಲಿ ಕಳೆದುಕೊಂಡು ಬಂದಿದ್ದಾನೆ. ಡಾಕ್ಟರ ಬಾಗಿಲಲ್ಲಿ ನಂಬರ್ ಹಿಡಿದವರ ಸಾಲು ಗೇಟಿನ ತನಕ ಇದೆ. ನಾನು ಇವತ್ತು ಹೇಳಲು ಬಂದದ್ದು ಒಂದೇ ಮಾತು. ವ್ಯಕ್ತಿಯ ಮಾತು ಮತ್ತು ಮನೆಯವರ ಮಾತು, ಎರಡೂ ಬೇರೆ ಬೇರೆ. ಎರಡನ್ನೂ ಕೇಳಬೇಕು, ಬೇರೆ ಬೇರೆಯಾಗಿಯೇ ಬರೆಯಬೇಕು, ಮತ್ತು ವ್ಯಕ್ತಿಯದನ್ನು ಮೊದಲು ಬರೆಯಬೇಕು.

ಈ ವಿಚಾರ ಬೆಳೆದು ಬಂದ ದಾರಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940 ಮತ್ತು 50ರ ದಶಕದಲ್ಲಿ, ಸಲಹೆ ಕೇಳಿ ಬಂದವರ ಬದುಕಿನ ಬಗ್ಗೆ ಹೆಚ್ಚು ಬಲ್ಲವರು ಅವರೇ ಎಂಬ ನಿಲುವಿನಿಂದ ಕೆಲಸ ಶುರು ಮಾಡಿದರು. 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಸಂಗಡಿಗರು ಅಂಗವಿಕಲರೇ ನಡೆಸುವ ಸ್ವತಂತ್ರ ಜೀವನ ಕೇಂದ್ರ ತೆರೆದರು. ಪೋಲಿಯೋದಿಂದ ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ರಾಬರ್ಟ್ಸ್ ಅವರಿಗೆ ಬೇಕಿದ್ದದ್ದು ಯಾವಾಗ ಏಳಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ತಾವೇ ತೀರ್ಮಾನಿಸುವ ಅಧಿಕಾರ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಟಾಮ್ ಕಿಟ್‌ವುಡ್ ಮರೆವಿನ ಕಾಯಿಲೆ ಇರುವವರ ಆರೈಕೆಗೆ ಇದೇ ನೋಟ ತಂದರು. 2001ರಲ್ಲಿ ಇಂಗ್ಲೆಂಡಿನ ಸರ್ಕಾರ ಬೌದ್ಧಿಕ ಅಂಗವೈಕಲ್ಯ ಇರುವವರ ಸೇವೆಗಳಲ್ಲಿ ವ್ಯಕ್ತಿ-ಕೇಂದ್ರಿತ ಯೋಜನೆಯನ್ನು ನೀತಿಯಾಗಿಯೇ ಒಪ್ಪಿಕೊಂಡಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯೂ ಜನ-ಕೇಂದ್ರಿತ ಆರೋಗ್ಯ ಸೇವೆಯ ಚೌಕಟ್ಟನ್ನು ಅಂಗೀಕರಿಸಿತು. ಪರೀಕ್ಷೆಗೆ ಬೇಕಾದವರು ಬರೆದುಕೊಳ್ಳಿ, ಉಳಿದವರು ಬಿಟ್ಟರೂ ನಡೆಯುತ್ತದೆ.

ಇದರಲ್ಲಿ ನನ್ನ ಕೆಲಸಕ್ಕೆ ದಿನಾ ಒದಗುವುದು ಒಂದೇ ಒಂದು. 1980ರ ದಶಕದ ಕೊನೆಗೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮೈಕೆಲ್ ಸ್ಮಲ್ ಮತ್ತು ಸಂಗಡಿಗರು, ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಇದ್ದವರನ್ನು ಊರೊಳಗೆ ನೆಲೆಗೊಳಿಸುವ ಯೋಜನೆ ಬರೆಯುತ್ತಿದ್ದರು. ಅವರು ಎರಡು ಪ್ರಶ್ನೆಗಳನ್ನು ಬಿಡಿಸಿ ಇಟ್ಟರು. ಈ ಮನುಷ್ಯನಿಗೆ ಯಾವುದು ಮುಖ್ಯ ಅನಿಸುತ್ತದೆ? ಈ ಮನುಷ್ಯನ ಒಳಿತಿಗೆ ಯಾವುದು ಮುಖ್ಯ? ನಮ್ಮ ಡಿಸ್ಚಾರ್ಜ್ ಕಾರ್ಡು, ರಿಜಿಸ್ಟರು, ಆಹಾರದ ಚೀಟಿ ಎಲ್ಲ ಎರಡನೆಯ ಪ್ರಶ್ನೆಗೇ ಉತ್ತರ. ಮೊದಲನೆಯದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಆಳಂದ ತಾಲ್ಲೂಕಿನ ಒಂದು ಹಳ್ಳಿ. ಎಪ್ಪತ್ತರ ಆಸುಪಾಸಿನ ಮುತ್ಯಾ, ಎಡಗಡೆ ಲಕ್ವಾ. ಮಾತು ಹೋಗಿರಲಿಲ್ಲ, ಆದರೆ ಆಡುತ್ತಿರಲಿಲ್ಲ. ಶಿಬಿರದಲ್ಲಿ ಸಿಕ್ಕ ಗಾಲಿಕುರ್ಚಿ ಪಡಸಾಲೆಯಲ್ಲಿತ್ತು, ಅದರ ಮೇಲೆ ತೊಗರಿ ಚೀಲ. ಹೊಸ್ತಿಲು ಒಂದು ಗೇಣು ಎತ್ತರ, ಹೊರಗೆ ಓಣಿಗೆ ಇಳಿಯಲು ಎರಡು ಕಲ್ಲಿನ ಮೆಟ್ಟಿಲು. ಕುರ್ಚಿ ಹೋಗುವುದಾದರೂ ಎಲ್ಲಿಗೆ? ಬಚ್ಚಲಲ್ಲಿ ಶಹಾಬಾದ್ ಫರ್ಷಿ, ನೀರು ಬಿದ್ದರೆ ಗಟ್ಟಿಮುಟ್ಟಾದವರೂ ಜಾರಬೇಕು.

ಮಗನನ್ನು ಕೇಳಿದೆ. ‘ಅಪ್ಪ ಸಂಡಾಸಕ್ಕ ತಾನೇ ಹೋಗೂ ಹಂಗಾದ್ರ ಸಾಕ್ರಿ, ಅವ್ವನ ಕೈಲಿ ಎತ್ತಲಿಕ್ಕ ಆಗೂದಿಲ್ಲ.’ ನ್ಯಾಯದ ಮಾತು. ನನ್ನ ಪುಸ್ತಕದ ಗುರಿ, ಕೋಲು ಹಿಡಿದು ಬಾಗಿಲ ತನಕ ನಡೆದು ತಿರುಗಿ ಬರುವುದು. ಅದೂ ತಪ್ಪಲ್ಲ. ಮುತ್ಯಾನನ್ನು ‘ನಿಮಗೇನು ಬೇಕು?’ ಅಂತ ಕೇಳಿದೆ. ಉತ್ತರ ನಿಮಗೆಲ್ಲ ಗೊತ್ತೇ ಇದೆ, ‘ನಂಗೇನ್ ಬ್ಯಾಡಪ್ಪಾ, ಶರಣಬಸಪ್ಪ ಕರ್ಕೊಂಡ್ರ ಸಾಕು.’ ನಮ್ಮ ಹಿರಿಯರಿಗೆ ಈ ಪ್ರಶ್ನೆ ಹೀಗೆ ನೇರವಾಗಿ ಹಾಕಿದರೆ ಬರುವುದು ಇದೇ ಉತ್ತರ. ಬೇಕು ಅನ್ನುವುದು ಮನೆಯವರಿಗೆ ಭಾರವಾದೀತು ಎಂಬ ಅಳುಕು ಅವರಿಗೆ.

ಮಗ ಚಹಾ ಹೇಳಲು ಹೊರಗೆ ಹೋದಾಗ ನಾನು ಹೊರಸಿನ ಮೇಲೆ ಅವರ ಪಕ್ಕ ಕೂತು ಬೇರೆ ಕೇಳಿದೆ. ಮೊದಲು ಮುಂಜಾನೆ ಎದ್ದು ಏನು ಮಾಡುತ್ತಿದ್ದಿರಿ, ಯಾರ ಜೊತೆ ಕೂಡುತ್ತಿದ್ದಿರಿ, ಈ ಸಲ ತೊಗರಿ ಹೆಂಗದ. ತೊಗರಿ ಅಂದ ಕೂಡಲೇ ಮುತ್ಯಾ ನನ್ನನ್ನೇ ಕೇಳಿದರು, ‘ಎಳ್ಳ ಅಮಾಸಿ ಎಂದದ?’

ಎಳ್ಳು ಅಮಾವಾಸ್ಯೆ ಅಂದರೇನು ಅಂತ ಕಲಬುರಗಿ, ಬೀದರ ಸೀಮೆಯವರಿಗೆ ನಾನು ವಿವರಿಸಬೇಕಿಲ್ಲ. ಭಜ್ಜಿ, ಸಜ್ಜೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಹೊಲದೊಡೆಯ ಚರಗ ಚೆಲ್ಲಬೇಕು, ಅಂದರೆ ಭೂಮಿತಾಯಿಗೆ ನೈವೇದ್ಯವಾಗಿ ಅಡುಗೆಯನ್ನು ಹೊಲದಲ್ಲಿ ಚೆಲ್ಲಬೇಕು. ಜೀವಮಾನವಿಡೀ ಚೆಲ್ಲಿದ ಕೈ ಅದು, ಈ ಸಲ ತಪ್ಪಬಾರದು. ಮುತ್ಯಾನ ತಲೆಯಲ್ಲಿ ಇದ್ದದ್ದು ಇಷ್ಟೇ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ‘ನಡೀಲಿಕ್ಕೇ ಆಗೂದಿಲ್ಲ, ಹೊಲಕ್ಕ ಹೆಂಗ ಹೋಗ್ತಿ’ ಎಂಬ ಉತ್ತರ ಅವರಿಗೆ ಮೊದಲೇ ಗೊತ್ತಿತ್ತು.

ಈಗ ಯೋಜನೆ ಬೇರೆಯಾಯಿತು. ಎರೆಭೂಮಿಯಲ್ಲಿ ಕೋಲು ಊರಿ ನಡೆಯುವುದು ಆ ಕಾಲಿಗೆ ಸಾಧ್ಯವಿರಲಿಲ್ಲ, ಅದನ್ನು ನಾನು ನೇರವಾಗಿಯೇ ಹೇಳಿದೆ. ಆದರೆ ಹೊಲದ ಬದುವಿನ ತನಕ ಟಂಟಂ, ಅಂದರೆ ಮೂರು ಗಾಲಿಯ ಬಾಡಿಗೆ ಗಾಡಿ, ಹೋಗುತ್ತದೆ. ಹಾಗಾದರೆ ಕಲಿಯಬೇಕಾದ್ದು ನಡೆಯುವುದಲ್ಲ, ಟಂಟಂ ಹತ್ತಿ ಇಳಿಯುವುದು. ಓಣಿಯಲ್ಲೇ ಗಾಡಿ ನಿಲ್ಲಿಸಿಕೊಂಡು ಶುರು ಮಾಡಿದೆವು. ಮುಖ ಒಳಗೆ ಮಾಡಿ ಕಾಲು ಎತ್ತಿಟ್ಟು ಹತ್ತಲು ಹೋದರೆ ಬೀಳುತ್ತಾರೆ. ಬೆನ್ನು ಗಾಡಿಯ ಕಡೆ ಮಾಡಿ ಹಿಂದಕ್ಕೆ ಸರಿಯಬೇಕು, ಸೀಟಿನ ಅಂಚು ತೊಡೆಯ ಹಿಂಭಾಗಕ್ಕೆ ತಾಗಬೇಕು, ಗಟ್ಟಿಯಿರುವ ಬಲಗೈಯಿಂದ ಸರಳು ಹಿಡಿದು ಮುಂದಕ್ಕೆ ಬಾಗಿ ನಿಧಾನ ಕೂಡಬೇಕು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ತಂದುಕೊಳ್ಳಬೇಕು. ಸರಳು ಬಲಗೈಗೇ ಸಿಗಬೇಕಾದರೆ ಗಾಡಿಯ ಯಾವ ಮಗ್ಗುಲಿನಿಂದ ಹತ್ತಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿದೆವು. ಮನೆಯ ಮೆಟ್ಟಿಲಿಗೆ ಬೇರೆ ಪಾಠ, ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಸೋತ ಕಾಲು ಮುಂದೆ. ಹೊಲದಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟರೆ ಕಾಲು ಹೂತು ಹೋಗುತ್ತವೆ ಅಂತ ಮುತ್ಯಾನೇ ಹೇಳಿದರು. ಹೊರಸು ಮುಂಚೆಯೇ ಟ್ರ್ಯಾಕ್ಟರಿನಲ್ಲಿ ಹೋಯಿತು.

ಅಮಾವಾಸ್ಯೆಗೆ ಮುತ್ಯಾ ಹೊಲದಲ್ಲಿದ್ದರು, ಬಲಗೈಯಿಂದ ಚರಗ ಚೆಲ್ಲಿದರು. ನನ್ನ ರಿಜಿಸ್ಟರಿನಲ್ಲಿ ‘ನಡೆದ ದೂರ’ ಎಂಬ ಕಾಲಂ ಇದ್ದಲ್ಲೇ ಇತ್ತು, ಮೇಲಿನವರು ಕೇಳಿದರೆ ಪ್ರಗತಿ ಶೂನ್ಯ. ನೀವು ಗಮನಿಸಬೇಕಾದ್ದು ಬೇರೆ ಇದೆ. ಬೆನ್ನು ಮಾಡಿ ಸರಿದು, ಸರಳು ಹಿಡಿದು, ಅಂಚು ತಾಗಿದ ಮೇಲೆ ಕೂಡುವ ಆ ಕಸರತ್ತು ಇದೆಯಲ್ಲ, ಕಮೋಡ್ ಕುರ್ಚಿಯ ಮೇಲೆ ಕೂಡುವುದೂ ಅದೇ ಕಸರತ್ತು. ಬಚ್ಚಲ ಗೋಡೆಗೆ ಸರಳು ಹಾಕಿಸಿದ ಮೇಲೆ ಮಗ ಕೇಳಿದ್ದೂ ಆಯಿತು. ಮೊದಲೇ ‘ಸಂಡಾಸಕ್ಕೆ ಹೋಗುವುದನ್ನು ಕಲಿ’ ಅಂತ ಹೊರಟಿದ್ದರೆ ಮುತ್ಯಾ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಹಾಗೆ ಮಲಗಿದವರನ್ನು ನಾನು ಬಹಳ ಕಂಡಿದ್ದೇನೆ, ಅವರ ಚೀಟಿಯ ಮೇಲೆ ‘ಸಹಕರಿಸುವುದಿಲ್ಲ’ ಅಂತ ಬರೆದಿರುತ್ತದೆ.

ಎಲ್ಲ ಸಲವೂ ಎರಡು ದಾರಿ ಹೀಗೆ ಕೂಡುವುದಿಲ್ಲ. ಮರೆವಿನ ಕಾಯಿಲೆಯ ಒಬ್ಬ ಆಯಿ ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಲು ಹೋಗುತ್ತಿದ್ದರು. ರೊಟ್ಟಿ ಬಡಿಯುವುದು ಅವರಿಗೆ ಮುಖ್ಯ, ಬೆಂಕಿಯಿಂದ ದೂರ ಇರುವುದು ಅವರ ಒಳಿತಿಗೆ ಮುಖ್ಯ. ಸೊಸೆ ಜಾಣೆ. ಪರಾತದಲ್ಲಿ ಜೋಳದ ಹಿಟ್ಟು ನಾದಿ ಮುಂದಿಟ್ಟಳು, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ ಹೊರಗೆ ಕೂತಳು. ಹಿಟ್ಟು ದಂಡ ಅಂತ ಅತ್ತೆಯ ತಂಗಿ ಗೊಣಗಿದರಂತೆ.

ಇನ್ನು ಮನೆಯವರ ವಿಷಯ. ಇಂಗ್ಲೆಂಡಿನ 2014ರ ಆರೈಕೆ ಕಾಯ್ದೆಯಲ್ಲಿ ಅರ್ಹರಿಗೆ ಅವರದೇ ಹೆಸರಿನಲ್ಲಿ ವೈಯಕ್ತಿಕ ಬಜೆಟ್ ಇರುತ್ತದೆ, ಬೇಕಾದರೆ ಹಣವನ್ನೇ ಕೈಗೆ ಪಡೆದು ಸಹಾಯಕರನ್ನು ಅವರೇ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಪಿಂಚಣಿ ಹಣ ಗುಳಿಗಿಗೇ ಮುಗಿಯುತ್ತದೆ. ಉಳಿದ ಬಜೆಟ್ಟೆಲ್ಲ ಪುಣೆಗೋ ಮುಂಬೈಗೋ ಹೈದರಾಬಾದಿಗೋ ಗುಳೆ ಹೋದ ಮಗನ ಕೂಲಿ, ಮನೆಯಲ್ಲಿ ಉಳಿದ ಹೆಣ್ಣುಮಗಳ ರೆಟ್ಟೆ. ಅವರನ್ನು ಬಿಟ್ಟು ಇಲ್ಲಿ ಯಾವ ಯೋಜನೆಯೂ ನಿಲ್ಲುವುದಿಲ್ಲ. ಪರದೇಶದ ಪುಸ್ತಕ ಓದಿ ಬಂದು ‘ಮನೆಯವರು ಸುಮ್ಮನಿರಲಿ’ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಆದರೆ ಖರ್ಚು ಹೊರುವವನ ಮಾತು ಕೇಳುವುದು ಬೇರೆ, ರೋಗಿಯ ಬದಲಿಗೆ ಅವನ ಸಹಿ ಹಾಕಿಸಿಕೊಳ್ಳುವುದು ಬೇರೆ. ಇಲ್ಲಿ ಕಾನೂನು ಸ್ಪಷ್ಟವಾಗಿದೆ.

2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣ ನೋಡಿ. ಒಬ್ಬ ವಯಸ್ಕ ಹೆಣ್ಣುಮಗಳು ತಪಾಸಣೆಗೆಂದು ಅರಿವಳಿಕೆ ಪಡೆದು ಒಳಗೆ ಮಲಗಿದ್ದರು. ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಡಾಕ್ಟರು ಗರ್ಭಕೋಶ, ಅಂಡಾಶಯ ತೆಗೆದರು. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ. ರೋಗಿ ವಯಸ್ಕಳಾಗಿ, ಎಚ್ಚರವಾದ ಮೇಲೆ ಕೇಳಬಹುದಾಗಿದ್ದಾಗ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಕೋರ್ಟ್ ಹೇಳಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೂ ಆಗುವುದಿಲ್ಲ ಅಂತಲೂ ಹೇಳಿತು.

ಈ ಸಭೆಯಲ್ಲಿ ಗರ್ಭಕೋಶ ಅಂದ ಕೂಡಲೇ ಹಲವರ ಮುಖ ಬದಲಾದದ್ದು ಕಂಡೆ. ಹತ್ತು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಲ್ಲೇ ತಾಂಡಾದ, ಹಳ್ಳಿಯ ಬಡ ಹೆಣ್ಣುಮಕ್ಕಳಿಗೆ ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ಮಾಡಿದ ದೂರುಗಳು ಎದ್ದವು, ತನಿಖೆ ನಡೆಯಿತು, ಸಂತ್ರಸ್ತ ಹೆಣ್ಣುಮಕ್ಕಳೇ ಬೀದಿಗಿಳಿದರು. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಜಾರಿ ಮಾಡಲು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಹೊಟ್ಟೆನೋವು, ಬಿಳಿಮುಟ್ಟು ಅಂತ ಬಂದ ಹೆಣ್ಣುಮಗಳಿಗೆ ‘ತೆಗೆಯದಿದ್ದರೆ ಕ್ಯಾನ್ಸರ್ ಆಗ್ತದ’ ಅಂತ ಹೆದರಿಸಿ, ಬೇರೆ ಯಾವ ದಾರಿ ಇದೆ ಅಂತ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಾಗದದ ಮೇಲೆ ಎಲ್ಲವೂ ಸರಿಯಾಗಿರುತ್ತದೆ. ವ್ಯಕ್ತಿ-ಕೇಂದ್ರಿತ ಅನ್ನುವುದು ನಗುಮುಖದ ಸೇವೆ ಅಂತ ತಿಳಿದವರಿಗೆ ನಾನು ಇದನ್ನೇ ನೆನಪಿಸುತ್ತೇನೆ. ನಗುಮುಖದಿಂದಲೂ ಗರ್ಭಕೋಶ ತೆಗೆಯಬಹುದು.

ಮಾನಸಿಕ ಕಾಯಿಲೆಯವರ ವಿಷಯಕ್ಕೆ ಬಂದರೆ ‘ಅವರಿಗೆ ಬುದ್ಧಿಯೇ ಸ್ಥಿಮಿತದಲ್ಲಿಲ್ಲ, ಅವರನ್ನೇನು ಕೇಳುವುದು’ ಎಂಬ ಮಾತು ತಯಾರಾಗಿ ಇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಕಲಂ ಓದಿರಿ. ವಿಷಯ ತಿಳಿಯುತ್ತದೆಯೇ, ಒಪ್ಪಿದರೆ ಬಿಟ್ಟರೆ ಏನಾಗುತ್ತದೆ ಎಂಬ ಅಂದಾಜು ಇದೆಯೇ, ತನ್ನ ತೀರ್ಮಾನವನ್ನು ಮಾತಿನಿಂದಲೋ ಸನ್ನೆಯಿಂದಲೋ ಹೇಳಬಲ್ಲರೇ, ಇದೇ ಅಳತೆ. ಅವರ ತೀರ್ಮಾನ ಉಳಿದವರಿಗೆ ತಪ್ಪಾಗಿ ಕಂಡಿತು ಎಂಬ ಒಂದೇ ಕಾರಣಕ್ಕೆ ಅವರಿಗೆ ಸಾಮರ್ಥ್ಯ ಇಲ್ಲ ಅನ್ನುವಂತಿಲ್ಲ. ಮುಂದೆ ಕಾಯಿಲೆ ಉಲ್ಬಣಿಸಿದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಚೆನ್ನಾಗಿರುವಾಗಲೇ ಬರೆದಿಡುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸುವುದಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಕಟ್ಟಿ ತೋರಿಸಿದ್ದು ನಮ್ಮದೇ ಭಾಗದ ಬಳ್ಳಾರಿಯಲ್ಲಿ. ಆ ನೆಲದವರು ನಾವು, ಈ ಕಲಂ ಗೊತ್ತಿಲ್ಲ ಅನ್ನುವುದು ನಮಗೆ ಶೋಭಿಸುವುದಿಲ್ಲ.

ಎಲ್ಲರಿಗೂ ಪರಿಚಯದ ಇನ್ನೊಂದು ವಿಷಯ, ಉಪವಾಸ. ಸೂಫಿ ಸಂತ ಬಂದೇ ನವಾಜರ ಊರಿದು, ರಂಜಾನ್ ಬಂದರೆ ಶುಗರ್ ಇರುವ ಎಷ್ಟೋ ಮಂದಿ ರೋಜಾ ಇಡುತ್ತಾರೆ. ಡಾಕ್ಟರಿಗೆ ಹೇಳುವುದಿಲ್ಲ, ಹೇಳಿದರೆ ಬೈಗುಳ. ಗುಳಿಗಿಯನ್ನು ತಾವೇ ಬಿಡುತ್ತಾರೆ, ಇಲ್ಲವೇ ಇಡೀ ದಿನದ ಗುಳಿಗಿ ಇಫ್ತಾರ್ ಹೊತ್ತಿಗೆ ಒಮ್ಮೆಲೇ ನುಂಗುತ್ತಾರೆ. ರಂಜಾನಿಗೆ ಒಂದೆರಡು ತಿಂಗಳು ಮೊದಲೇ ‘ಈ ಸಲ ರೋಜಾ ಇಡ್ತೀರೇನ್ರಿ ಆಪಾ?’ ಅಂತ ನೀವೇ ಕೇಳಿರಿ. ಯಾರಿಗೆ ಅಪಾಯ ಹೆಚ್ಚು, ಯಾರಿಗೆ ಕಡಿಮೆ ಅಂತ ಡಾಕ್ಟರು ನೋಡಿ ಔಷಧದ ಹೊತ್ತು, ಪ್ರಮಾಣ ಬದಲಿಸಲು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ರೋಜಾ ಮುರಿಯಬೇಕು. ಇದನ್ನು ಮೊದಲೇ ಮಾತಾಡಿಕೊಂಡಿದ್ದರೆ ಮುರಿಯುವುದು ಸೋಲು ಅನಿಸುವುದಿಲ್ಲ. ಕೆಲವರಿಗೆ ‘ಬೇಡ’ ಅಂತಲೇ ಹೇಳಬೇಕಾಗುತ್ತದೆ, ಆಗಲೂ ಹೇಳುವ ರೀತಿ ಬೇರೆಯಾಗುತ್ತದೆ. ಶ್ರಾವಣ ಸೋಮವಾರಕ್ಕೂ ಇದೇ ಮಾತು. ಹಾಗೆಯೇ ಜೋಳದ ರೊಟ್ಟಿ ತಿನ್ನುವವರಿಗೆ ‘ಎರಡು ಚಪಾತಿ’ ಅಂತ ಅಚ್ಚಾದ ಆಹಾರದ ಚೀಟಿ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಎಷ್ಟೋ ಹಿರಿಯರು ಗೋಧಿ ಔಷಧ ಅಂತ ತಿಳಿದು ರೊಟ್ಟಿಯ ಮೇಲೆ ಚಪಾತಿಯನ್ನೂ ತಿನ್ನುತ್ತಿದ್ದಾರೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಅನ್ನುವಿರಿ. ಓಪಿಡಿಯ ಡಾಕ್ಟರಿಗೆ ಇಲ್ಲ, ಒಪ್ಪುತ್ತೇನೆ. ಎಲ್ಲ ರೋಗಿಗೂ ಬೇಕಿಲ್ಲ ಕೂಡ. ನೆಗಡಿಗೆ ಬಂದವನ ಬದುಕಿನ ಗುರಿ ಕೇಳುತ್ತಾ ಕೂಡಬೇಡಿ. ವರ್ಷಗಟ್ಟಲೆ ಆರೈಕೆ ಬೇಕಾದವರು ಒಂದು ಊರಿನಲ್ಲಿ ಎಷ್ಟು ಮನೆ ಇದ್ದಾರು? ಅವರ ಮನೆಗೆ ಆಶಾ ಹೇಗೂ ಹೋಗುತ್ತಾಳೆ. ಅವಳ ಕೈಯಲ್ಲಿರುವ ತಪಾಸಣಾ ಪಟ್ಟಿಯಲ್ಲಿ 60 ದಾಟಿದವರಿಗೆ ಪ್ರಶ್ನೆಗಳಿವೆ: ನಿಂತಾಗ, ನಡೆವಾಗ ಜೋಲಿ ಹೋಗುತ್ತದೆಯೇ, ದಿನದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕೇ, ಮನೆಯವರ ಹೆಸರು ಮರೆಯುತ್ತದೆಯೇ. ಒಳ್ಳೆಯ ಪ್ರಶ್ನೆಗಳೇ, ಆದರೆ ಎಲ್ಲವೂ ಆಗದಿರುವುದರ ಲೆಕ್ಕ. ಅದರ ಹಿಂದಿನ ಖಾಲಿ ಜಾಗದಲ್ಲಿ ಎರಡು ಸಾಲು ಬರೆಯಿರಿ, ‘ಅವರ ಮಾತು’, ‘ಮನೆಯವರ ಮಾತು’. ಅವರು ಆಡಿದ ಮಾತಿನಲ್ಲೇ ಬರೆಯಿರಿ. ‘ರೋಗಿಯ ಗುರಿ: ಆರೋಗ್ಯ ಸುಧಾರಣೆ’ ಅಂತ ಬರೆದ ಫಾರ್ಮುಗಳನ್ನು ನಾನು ರಾಶಿ ರಾಶಿ ನೋಡಿದ್ದೇನೆ. ಭೂಮಿಯ ಮೇಲೆ ಯಾವ ಮುತ್ಯಾನೂ ಹಾಗೆ ಮಾತಾಡುವುದಿಲ್ಲ. ಮತ್ತು ಕೈಲಾಗದ್ದನ್ನು ಕೇಳಿ ಆಸೆ ಹುಟ್ಟಿಸಬೇಡಿ. ಕೇಳಿದ ಮೇಲೆ, ಇದು ಆಗುತ್ತದೆ, ಇದು ಆಗುವುದಿಲ್ಲ, ಇದಕ್ಕೆ ಪಂಚಾಯಿತಿಗೆ ಅರ್ಜಿ ಹಾಕೋಣ ಅಂತ ಅಲ್ಲಿಯೇ ಹೇಳಿ ಬರಬೇಕು.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ನರ್ಸಿಂಗ್ ವಿದ್ಯಾರ್ಥಿಯೊಬ್ಬರು ಕೇಳಿದರು: ಅವರಿಗೆ ಬೀಡಿಯೇ ಮುಖ್ಯ ಅಂದರೆ ಬೀಡಿ ಕೊಡಬೇಕೇ? ಕೊಡಬೇಕಿಲ್ಲ, ಸುಳ್ಳು ಹೇಳಬೇಕಿಲ್ಲ, ಬೈದು ಹೊರಗೆ ಕಳಿಸಲೂಬೇಕಿಲ್ಲ. ಬೀಡಿಯಿಂದ ಏನಾಗುತ್ತದೆ ಅಂತ ತಿಳಿಯುವ ಹಾಗೆ ಹೇಳಿ, ಬಿಡಲು ಸಹಾಯ ಇದೆ ಅಂತಲೂ ಹೇಳಿ. ಬಿಡುವುದಿಲ್ಲ ಅಂದರೆ ಉಳಿದ ಆರೈಕೆ ನಿಲ್ಲಬಾರದು. ಮುಂದಿನ ಸಲ ಬಂದಾಗ ಮತ್ತೆ ಕೇಳಿ. ಎಷ್ಟೋ ಸಲ ಬೀಡಿಗಿಂತ ಕಟ್ಟೆಯ ಮೇಲಿನ ಗೆಳೆಯರು ಮುಖ್ಯವಾಗಿರುತ್ತಾರೆ, ಅದನ್ನು ಬಿಡಿಸಿ ನೋಡಲು ಪುರಸೊತ್ತು ಬೇಕು.

ಎರಡನೆಯದು ಒಬ್ಬ ಆಶಾ ತಾಯಿಯದು. ‘ಸರ, ನಮ್ಮೂರಾಗ ಒಬ್ಬರಿಗಿ ಕ್ಯಾನ್ಸರ್ ಅದ. ಮಕ್ಕಳು ಅಪ್ಪಗ ಹೇಳಬ್ಯಾಡ್ರಿ ಅಂತ ಕೈಮುಗಿದಾರ. ಅವರು ನನ್ನ ಕೈ ಹಿಡಿದು ಏನಾಗ್ಯದವ್ವಾ ಅಂತ ಕೇಳ್ತಾರ. ನಾ ಏನ್ ಹೇಳ್ಲಿ?’

ರೋಗದ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ, ಡಾಕ್ಟರದು. ಆದರೆ ಅವರು ಕೇಳುತ್ತಿದ್ದಾರೆ ಎಂಬುದನ್ನು ಡಾಕ್ಟರಿಗೂ ಮಕ್ಕಳಿಗೂ ಮುಟ್ಟಿಸುವುದು ಖಂಡಿತ ನಿಮ್ಮದು. ಮಕ್ಕಳ ಜೊತೆ ಜಗಳ ಬೇಡ, ಅವರು ಹೆದರಿದ್ದಾರೆ. ಅವರಿಗೆ ಹೇಳಿ, ‘ನಾವಾಗಿ ಏನೂ ಹೇರೂದಿಲ್ಲ, ಎಷ್ಟು ತಿಳ್ಕೋಬೇಕು ಅಂತ ಅಪ್ಪನ್ನೇ ಕೇಳೋಣು.’ ಆಮೇಲೆ ಡಾಕ್ಟರು ಅವರೊಬ್ಬರನ್ನೇ ಕೂಡಿಸಿಕೊಂಡು ಕೇಳಲಿ, ‘ನಿಮ್ಮ ಬ್ಯಾನಿ ಬಗ್ಗೆ ನಿಮಗೇನ್ ಗೊತ್ತದ? ಎಲ್ಲಾ ಬಿಡಿಸಿ ಹೇಳಬೇಕೋ, ಮಗನಿಗೆ ಹೇಳಿದ್ರ ಸಾಕೋ?’ ಕೆಲವರು ಎಲ್ಲ ಹೇಳಿ ಅನ್ನುತ್ತಾರೆ, ಅವರಿಗೆ ಹೊಲದ ಪಾಲು, ಮಗಳ ಮದುವೆ, ಸಾಲ ತೀರಿಸುವುದು ಇರುತ್ತದೆ. ಕೆಲವರು ‘ಮಗ ನೋಡ್ಕೋತಾನ ಬಿಡ್ರಿ’ ಅನ್ನುತ್ತಾರೆ. ಅದೂ ಅವರದೇ ತೀರ್ಮಾನ, ಅದನ್ನೂ ಗೌರವಿಸಬೇಕು. ಅವರು ಯಾವುದನ್ನು ಹೇಳಿದರೂ ತಾರೀಕು ಹಾಕಿ ಕೇಸ್ ಪೇಪರಿನ ಮೊದಲ ಪುಟದಲ್ಲೇ ಬರೆಯಲು ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಮುಂದಿನ ವಾರ ಡ್ಯೂಟಿಗೆ ಬರುವ ಡಾಕ್ಟರು ಮತ್ತೆ ಮಗನನ್ನೇ ಒಳಗೆ ಕರೆಯುತ್ತಾರೆ.